ಗೋಬಿಯ ತವರಿನಲ್ಲಿ ಒಂದು ಭಾನುವಾರ

ಕೋಲ್ಕತ್ತಾಗೆ ನಾವು ನಾಲ್ಕು ಜನ ಹೋಗಿದ್ದು ಒಂದು ರೋಬೋಟಿಕ್ಸ್ ಸ್ಪರ್ಧೆಗೆ. ಎರಡನೇ ಸುತ್ತಿನಲ್ಲಿ ಹೊರಬಿದ್ವಿ, ಆ ಕಥೆ ಬೇಡ. ವಾಪಸ್ ರೈಲು ಇದ್ದದ್ದು ಭಾನುವಾರ ರಾತ್ರಿ. ಇಡೀ ದಿನ ಏನು ಮಾಡೋದು ಅಂತ ಕೇಳಿದ್ದಕ್ಕೆ ಅಲ್ಲಿಯ ಹುಡುಗನೊಬ್ಬ, "ಬೆಳಿಗ್ಗೆ ಆರಕ್ಕೆ ಟಿರೆಟ್ಟಾ ಬಜಾರ್‌ಗೆ ಹೋಗಿ, ಒಂಬತ್ತಕ್ಕೆ ಹೋದ್ರೆ ಏನೂ ಸಿಗಲ್ಲ" ಅಂದ. ಪರೀಕ್ಷೆಗೂ ಅಷ್ಟು ಬೇಗ ಏಳದ ನಾವು ತಿಂಡಿಗೋಸ್ಕರ ಐದಕ್ಕೇ ಎದ್ದು, ಹಳದಿ ಅಂಬಾಸಿಡರ್ ಟ್ಯಾಕ್ಸಿ ಹಿಡಿದು ಹೊರಟ್ವಿ.

ಟಿರೆಟ್ಟಾ ಅನ್ನೋದು ಚೀನೀ ಹೆಸರಲ್ಲ. 18ನೇ ಶತಮಾನದಲ್ಲಿ ಇಲ್ಲಿಗೆ ಬಂದು ನೆಲೆಸಿದ ಎಡ್ವಾರ್ಡೋ ಟಿರೆಟ್ಟಾ ಎಂಬ ಇಟಲಿಯವನದ್ದು ಈ ಮಾರುಕಟ್ಟೆ. ಲಾಲ್‌ಬಜಾರ್ ಪೊಲೀಸ್ ಹೆಡ್‌ಕ್ವಾರ್ಟರ್ಸ್‌ನಿಂದ ನಡೆದುಕೊಂಡೇ ಹೋಗಬಹುದು. ಬೀದಿಯ ಹೆಸರು ಸನ್ ಯಾತ್ ಸೆನ್ ಸ್ಟ್ರೀಟ್. ದೊಡ್ಡ ಕೆಂಪು ಕಮಾನು, ಕಾಗದದ ಲ್ಯಾಂಟರ್ನ್ ಎಲ್ಲ ಇರುತ್ತೆ ಅಂದ್ಕೊಂಡಿದ್ವಿ. ಅಂಥದ್ದೇನೂ ಕಾಣಲಿಲ್ಲ. ಒಂದು ಕಡೆ ಕಸದ ರಾಶಿ, ಇನ್ನೊಂದು ಕಡೆ ಸೊಪ್ಪು ಮಾರುವವರು, ನಡುವೆ ಅಲ್ಯೂಮಿನಿಯಂ ಪಾತ್ರೆಗಳಿಂದ ಹಬೆ. ಇನ್‌ಸ್ಟಾಗ್ರಾಂ ನೋಡಿಕೊಂಡು ಹೋಗುವವರಿಗೆ ನಿರಾಸೆ ಗ್ಯಾರಂಟಿ.

ಆದರೆ ತಿಂಡಿ! ಫಿಶ್ ಬಾಲ್ ಸೂಪ್, ಮೊಮೊ, ಒಳಗೆ ಮಾಂಸ ತುಂಬಿದ ಬೆಳ್ಳಗಿನ ಬಾವ್, ಎಲೆಯಲ್ಲಿ ಸುತ್ತಿ ಬೇಯಿಸಿದ ಅನ್ನದ ಮುದ್ದೆ. ನಮ್ಮಲ್ಲೊಬ್ಬಳು ಮೊಟ್ಟೆಯೂ ಮುಟ್ಟಲ್ಲ. ಅವಳಿಗೆ ಸಿಕ್ಕಿದ್ದು ಎಳ್ಳು ಮೆತ್ತಿ ಕರಿದ ಉಂಡೆ, ಒಳಗೆ ಸಿಹಿ. "ಇದು ನಮ್ಮ ಸುಕ್ಕಿನುಂಡೆಯ ತಂಗಿ" ಅಂತ ತೀರ್ಪು ಕೊಟ್ಟು ನಾಲ್ಕು ತಿಂದಳು. ಯಾವ ಎಣ್ಣೆಯಲ್ಲಿ ಕರಿದಿದ್ದು ಅಂತ ನಾವ್ಯಾರೂ ಕೇಳಲಿಲ್ಲ.

ಇಲ್ಲಿ ನಮ್ಮ ನಾಲ್ಕನೆಯವನ ಬಗ್ಗೆ ಹೇಳಬೇಕು. ಅವನು ಮಿಜೋರಾಂನವನು. ಒಂದೂವರೆ ವರ್ಷದಲ್ಲಿ ಕನ್ನಡ ಕಲಿತಿದ್ದಾನೆ, ಹೆಚ್ಚಿನದು ಬಸ್ ಕಂಡಕ್ಟರ್‌ಗಳಿಂದ, ಹಾಗಾಗಿ "ಮುಂದೆ ಹೋಗ್ರೀ, ಮುಂದೆ ಹೋಗಿ" ಅನ್ನೋದು ಅವನ ಬಾಯಲ್ಲಿ ಸೊಗಸಾಗಿ ಬರುತ್ತೆ. ಸೂಪ್ ಮಾರುತ್ತಿದ್ದ ಅಜ್ಜಿ ನಮ್ಮ ಮೂವರ ಹತ್ರ ಹಿಂದಿಯಲ್ಲಿ ಮಾತಾಡಿ, ಅವನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಅವನು ಗಾಬರಿಯಲ್ಲಿ, "ಗೊತ್ತಿಲ್ಲ ಅಜ್ಜಿ" ಅಂತ ಕನ್ನಡದಲ್ಲೇ ಅಂದುಬಿಟ್ಟ. ಅಜ್ಜಿಗೆ ಏನೂ ಅರ್ಥವಾಗದೆ ನಕ್ಕು, ಅವನ ಬಟ್ಟಲಿಗೆ ಎರಡು ಫಿಶ್ ಬಾಲ್ ಜಾಸ್ತಿ ಹಾಕಿದರು. ಆಮೇಲೆ ಅವನು ಹೇಳಿದ: "ನನ್ನನ್ನ ಚೈನೀಸ್ ಅಂದ್ಕೊಂಡ್ರೂ ಬೇಜಾರಾಗದೆ ಇದ್ದಿದ್ದು ಇದೇ ಫಸ್ಟ್ ಟೈಮ್."

ನಾವು ಇಳಿದಿದ್ದ ಲಾಡ್ಜಿನಲ್ಲಿ ನಮ್ಮ ಮೂವರ ಆಧಾರ್ ನೋಡಿ ರಿಜಿಸ್ಟರ್‌ನಲ್ಲಿ ಬರಕೊಂಡವರು, ಅವನ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಾಸ್‌ಪೋರ್ಟ್ ಇದ್ಯಾ ಅಂತ ಕೇಳಿದ್ದರು.

ಈ ಜನ ಇಲ್ಲಿಗೆ ಬಂದು ಇನ್ನೂರು ವರ್ಷದ ಮೇಲಾಯ್ತು. ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ ಟಾಂಗ್ ಅಚ್ಯೂ ಎಂಬ ವ್ಯಾಪಾರಿ ಬಜ್‌ಬಜ್ ಹತ್ತಿರ ಜಮೀನು ಪಡೆದು ಕಬ್ಬು ಬೆಳೆಸಿ, ಸಕ್ಕರೆ ಮಾಡಿಸಿದ. ಆ ಊರಿಗೆ ಇವತ್ತಿಗೂ ಅವನ ಹೆಸರೇ, ಅಚಿಪುರ. ಆಮೇಲೆ ಬಂದವರಲ್ಲಿ ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹಕ್ಕಾ ಜನ ಚರ್ಮ ಹದ ಮಾಡಿ ಚಪ್ಪಲಿ, ಬೂಟು ಹೊಲಿದರು, ಹುಬೆಯವರು ಹಲ್ಲಿನ ಡಾಕ್ಟರ್‌ಗಳಾದರು. ಅವರ ದೇವಸ್ಥಾನಗಳಿಗೆ ಇಲ್ಲಿ ಚರ್ಚ್ ಅಂತಾರೆ. ಛಾತಾವಾಲಾ ಗಲ್ಲಿಯಲ್ಲಿ 1905ರ ಸೀ ಇಪ್ ಚರ್ಚ್ ಇದೆ. ಹೆಸರು ನೋಡಿ ಏಸುವನ್ನು ಹುಡುಕಬೇಡಿ, ಒಳಗಿರೋದು ಕ್ವಾನ್ ಯಿನ್ ದೇವಿ, ಊದುಬತ್ತಿ ಹೊಗೆ.

ಮತ್ತೆ ಗೋಬಿ. ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಕಂಡುಹಿಡಿದರು ಅಂತ ಹೇಳ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು, ಅದು ಕರ್ನಾಟಕದ ಪ್ರತಿ ಜಾತ್ರೆ, ಪ್ರತಿ ಬಸ್‌ಸ್ಟ್ಯಾಂಡ್ ತಲುಪಿತು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ಹಾಸ್ಟೆಲ್ಲಿನಲ್ಲಿ ಸೂತಕದ ವಾತಾವರಣ ಇತ್ತು. ಇಷ್ಟು ನಮ್ಮದಾದ ತಿಂಡಿಯ ಹಿಂದೆ ಈ ಬೀದಿಯ ಜನ ಇದ್ದಾರೆ ಅಂತ ಯಾವ ಪಾಠದಲ್ಲೂ ಇರಲಿಲ್ಲ.

1962 ಅಂದರೆ ನಮಗೆ ಎರಡು ಮಾರ್ಕಿನ ಪ್ರಶ್ನೆ. ಚಹಾ ಅಂಗಡಿಯ ಬೆಂಚಿನಲ್ಲಿ ಸಿಕ್ಕ ಹಿರಿಯರೊಬ್ಬರಿಗೆ ಆಗ ಎಂಟು ವರ್ಷ. ಯುದ್ಧ ನಡೆದದ್ದು ಒಂದು ತಿಂಗಳು. ಆದರೆ ಭಾರತದಲ್ಲಿ ನೆಲೆಸಿದ್ದ ಸುಮಾರು 3,000 ಚೀನೀ ಮೂಲದವರನ್ನು, ಇಲ್ಲೇ ಹುಟ್ಟಿದವರನ್ನೂ ಸೇರಿಸಿ, ವಿಚಾರಣೆಯಿಲ್ಲದೆ ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಹೆಚ್ಚಿನವರು ಅಸ್ಸಾಂ, ಡಾರ್ಜಿಲಿಂಗ್ ಕಡೆಯವರು. ಕೊನೆಯವರು ಹೊರಬಂದಿದ್ದು 1967ರಲ್ಲಿ. ಬಂದು ನೋಡಿದರೆ ಎಷ್ಟೋ ಜನರ ಮನೆ, ಅಂಗಡಿ ಇರಲಿಲ್ಲ. ಕೋಲ್ಕತ್ತಾದಲ್ಲಿ ಉಳಿದವರೂ ಪೊಲೀಸರ ಹತ್ರ ಹೆಸರು ಬರೆಸಬೇಕಿತ್ತು, ಊರು ಬಿಟ್ಟು ಹೋಗಬೇಕಾದರೆ ಅನುಮತಿ ಬೇಕಿತ್ತು.

ಅವರು ಇದನ್ನೆಲ್ಲ ಸಿಟ್ಟಿನಲ್ಲೇನೂ ಹೇಳಲಿಲ್ಲ, ಬಿಸ್ಕತ್ತು ಚಹಾದಲ್ಲಿ ಅದ್ದಿಕೊಂಡೇ ಹೇಳಿದರು. "ಸ್ಕೂಲಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗ ಬೇರೆ ಬೆಂಚಿಗೆ ಹೋದ" ಅಂದರು. ಅಷ್ಟೇ. ನಮ್ಮ ಮಿಜೋ ಗೆಳೆಯ ಕೇಳಿದ: "ಆಮೇಲೆ ವಾಪಸ್ ಬಂದ್ನಾ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಬಂದ, ಪರೀಕ್ಷೆ ಹತ್ರ ಬಂದಾಗ. ನನ್ನ ಲೆಕ್ಕ ಚೆನ್ನಾಗಿತ್ತು" ಅಂದರು. ಎಲ್ಲರೂ ನಕ್ವಿ. ಅವರ ಮಗಳು ಈಗ ಟೊರಾಂಟೋದಲ್ಲಿದ್ದಾಳಂತೆ. ಅಲ್ಲಿ ಕೇಳಿದವರಿಗೆಲ್ಲ ಇಂಡಿಯನ್ ಅಂತಾಳಂತೆ, ಅವರು ನಂಬಲ್ಲವಂತೆ.

ಮಧ್ಯಾಹ್ನ ಟಾಂಗ್ರಾಕ್ಕೂ ಹೋಗಿ ಬಂದ್ವಿ. ಚರ್ಮದ ಕಾರ್ಖಾನೆಗಳನ್ನು ಊರಾಚೆಯ ಬಾಂತಲಾಕ್ಕೆ ಸ್ಥಳಾಂತರಿಸಬೇಕು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿ ಹೋಟೆಲುಗಳೇ ಜಾಸ್ತಿ. ಒಂದು ಕಾಳಿ ಗುಡಿ ಇದೆ, ನಡೆಸುವವರು ಚೀನೀ ಮೂಲದವರು, ನೂಡಲ್ಸ್ ನೈವೇದ್ಯಕ್ಕೆ ಅದು ಪ್ರಸಿದ್ಧಿ. ನಾವು ಹೋದಾಗ ಪ್ರಸಾದ ಇರಲಿಲ್ಲ.

ರಾತ್ರಿ ಹೌರಾದಿಂದ ರೈಲು ಹೊರಟ ಮೇಲೆ ನಮ್ಮ ಗೆಳೆಯ ಮೇಲಿನ ಬರ್ತಿನಲ್ಲಿ ಕೂತು ಮನೆಗೆ ಫೋನ್ ಮಾಡಿದ. ಮಿಜೋ ಭಾಷೆಯಲ್ಲಿ ಮಾತು ಸುಮಾರು ಹೊತ್ತು ನಡೀತು, ನಡುನಡುವೆ ನಮಗೆ ಅರ್ಥವಾಗಿದ್ದು ಟಿರೆಟ್ಟಾ, ಲಾಡ್ಜ್, ಪಾಸ್‌ಪೋರ್ಟ್ ಅನ್ನೋ ಪದಗಳು ಮಾತ್ರ. ಫೋನ್ ಇಟ್ಟ ಮೇಲೆ ಅಮ್ಮ ಏನಂದ್ರು ಅಂತ ಕೇಳಿದ್ವಿ.

"ಫಿಶ್ ಬಾಲ್ ಹೇಗಿತ್ತು ಅಂತ ಕೇಳಿದ್ರು" ಅಂದ, ಚಾರ್ಜರ್ ಕೊಡಿ ಅಂತ ಕೈ ಚಾಚಿದ.