‘ನಿಮ್ಮ ಬಗ್ಗೆ ಹೇಳಿ’

ಕುಡತಿನಿಯಲ್ಲಿ ಉದ್ಯೋಗದ ಮಾತು ಇಲ್ಲದ ಮನೆ ಇಲ್ಲ. ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದ ಮೂರು ಘಟಕಗಳು, ಒಟ್ಟು 1,700 ಮೆಗಾವ್ಯಾಟ್ ಸಾಮರ್ಥ್ಯದವು, ಊರ ಮಗ್ಗುಲಲ್ಲೇ ನಿಂತಿವೆ. ಅದರಾಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇನ್ನಷ್ಟು ಉಕ್ಕಿನ ಕಾರ್ಖಾನೆಗಳಿಗೆಂದು 2010ರ ಸುಮಾರಿಗೆ ಸುತ್ತಲಿನ ಹಳ್ಳಿಗಳ ಸಾವಿರಾರು ಎಕರೆ ಭೂಮಿ ಸ್ವಾಧೀನವಾಯಿತು. ಹೇಳಿದ ಕಾರ್ಖಾನೆಗಳು ಏಳಲಿಲ್ಲ. ನ್ಯಾಯವಾದ ಪರಿಹಾರ ಮತ್ತು ಉದ್ಯೋಗ ಕೇಳಿ ಭೂಮಿ ಕಳೆದುಕೊಂಡ ರೈತರು 2022ರ ಡಿಸೆಂಬರಿನಲ್ಲಿ ಇಲ್ಲಿಯೇ ಧರಣಿ ಆರಂಭಿಸಿದರು. ಇಂಥ ಊರಿನಲ್ಲಿ ಸಂದರ್ಶನದ ಕರೆ ಬಂದರೆ, ಅದು ಒಬ್ಬ ಹುಡುಗನಿಗಲ್ಲ, ಇಡೀ ಮನೆಗೆ ಬಂದಂತೆ.

ಪರಿಚಿತ ಕುಟುಂಬಗಳ ಮಕ್ಕಳನ್ನು ಸಂದರ್ಶನಕ್ಕೆ ಅಣಿಗೊಳಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಐಟಿಐ, ಡಿಪ್ಲೊಮಾ ಓದಿದ ಇವರು ಮೋಟಾರು, ಬಾಯ್ಲರುಗಳ ಪ್ರಶ್ನೆಗೆ ಅಂಜುವುದಿಲ್ಲ. ಅಂಜುವುದು ಮಾನವ ಸಂಪನ್ಮೂಲ ವಿಭಾಗದವರು ಕೇಳುವ ಮೊದಲ ಪ್ರಶ್ನೆಗೆ: ‘ನಿಮ್ಮ ಬಗ್ಗೆ ಹೇಳಿ.’ ಹಿರಿಯರ ಮುಂದೆ ತನ್ನನ್ನು ತಾನೇ ಹೇಳಿಕೊಳ್ಳುವುದು ಅಹಂಕಾರವೆಂದು ನಾವೇ ಕಲಿಸಿದ್ದೇವೆ. ಇಪ್ಪತ್ತು ವರ್ಷ ಬಾಯಿ ಮುಚ್ಚಿ ಕುಳಿತ ಮಗು ಒಂದೇ ದಿನದಲ್ಲಿ ಮಾತು ಕಲಿತೀತೆ?

ಕಳೆದ ವರ್ಷ ಬಂದ ಯುವಕನೊಬ್ಬ ಮಾರ್ಗದರ್ಶಿ ಪುಸ್ತಕದ ಇಂಗ್ಲಿಷ್ ಉತ್ತರವನ್ನು ತಡೆಯಿಲ್ಲದೆ ಒಪ್ಪಿಸಿದ. ಓದು ಮುಗಿದ ಮೇಲಿನ ಎರಡು ವರ್ಷ ಏನು ಮಾಡಿದೆ ಎಂದು ಕೇಳಿದಾಗ ತಲೆ ತಗ್ಗಿಸಿದ. ತಂದೆಗೆ ಪಾರ್ಶ್ವವಾಯು ಬಡಿದಿತ್ತು. ಗುತ್ತಿಗೆ ಹೊಲದ ಮೆಣಸಿನಕಾಯಿ ಬೆಳೆಯನ್ನು ಇವನೇ ನೋಡಿಕೊಂಡು, ಆಳುಗಳಿಗೆ ಕೂಲಿ ಲೆಕ್ಕ ಬರೆದು, ಬ್ಯಾಡಗಿ ಮಾರುಕಟ್ಟೆಗೆ ಸಾಗಿಸಿ ಮಾರಿ, ಸಾಲ ತೀರಿಸಿದ್ದ. “ಅದನ್ನೇನ್ ಹೇಳೋದ್ರಿ ಸರ್, ಅದು ಮನಿ ಕೆಲಸ” ಎಂದ. ಆ ಎರಡು ವರ್ಷ ಯಾವುದೋ ಕಂಪನಿಯಲ್ಲಿದ್ದೆನೆಂದು ಬರೆದುಬಿಡಲು ಗೆಳೆಯರು ಹೇಳಿದ್ದರಂತೆ.

“ಬೇಡಪ್ಪ” ಎಂದೆ. ಅನುಭವ ಪತ್ರಗಳನ್ನು ಕಂಪನಿಗಳು ಪರಿಶೀಲಿಸುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಸೇರಿದ ಕೆಲಸವೂ ಹೋಗುತ್ತದೆ. ಅದಕ್ಕಿಂತ ಮಿಗಿಲಾಗಿ, ಅವನ ಬದುಕಿನ ಅತ್ಯಂತ ಗೌರವದ ಎರಡು ವರ್ಷಗಳನ್ನು ಅವನೇ ಅಳಿಸಿಹಾಕಲಿದ್ದ. ಆ ಕಥೆಯನ್ನೇ ನಾಲ್ಕು ಮಾತುಗಳಲ್ಲಿ ಅಣಿಗೊಳಿಸಿದೆವು: ಎದುರಾದ ಸನ್ನಿವೇಶವೇನು, ತನ್ನ ಹೊಣೆಯೇನು, ತಾನು ಮಾಡಿದ್ದೇನು, ಅದರ ಫಲವೇನು. ಒಂದೂವರೆ ನಿಮಿಷಕ್ಕೆ ಮುಗಿಯುವ ಮಾತು. ಅದು ಸರಳ ಇಂಗ್ಲಿಷಿನಲ್ಲಿರಲಿ. ತಡವರಿಸಿದರೆ ಕನ್ನಡದಲ್ಲಿ ಹೇಳಲೇ ಎಂದು ಅನುಮತಿ ಕೇಳಲಿ.

ಉಳಿದ ಪ್ರಶ್ನೆಗಳೂ ಹೀಗೆಯೇ. ‘ನಿಮ್ಮ ದೌರ್ಬಲ್ಯವೇನು?’ ಎಂದರೆ ‘ಅತಿಯಾಗಿ ದುಡಿಯುತ್ತೇನೆ’ ಎಂಬ ಜಾಣತನ ಎಲ್ಲರಿಗೂ ಗೊತ್ತು. ಇರುವ ಕೊರತೆಯನ್ನು ಹೇಳಿ, ತಿದ್ದಿಕೊಳ್ಳಲು ಮಾಡುತ್ತಿರುವುದನ್ನು ಹೇಳಬೇಕು. ‘ನಮ್ಮ ಕಂಪನಿಯೇ ಏಕೆ?’ ಎಂಬುದಕ್ಕೆ ಅಲ್ಲಿ ಏನು ತಯಾರಾಗುತ್ತದೆ, ತನ್ನ ಓದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ತಿಳಿದುಕೊಂಡು ಹೋಗಬೇಕು. ಹೆಣ್ಣುಮಕ್ಕಳಿಗೆ ಮದುವೆಯ ಪ್ರಶ್ನೆ ಬಂದರೆ, ‘ಕೆಲಸದ ಹೊಣೆಯನ್ನು ಪೂರ್ತಿ ನಿರ್ವಹಿಸುತ್ತೇನೆ’ ಎಂದು ಶಾಂತವಾಗಿ ಹೇಳಿದರೆ ಸಾಕು. ಮನೆಯ ವಿಷಯ ಬಿಚ್ಚಿಡಬೇಕಾಗಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ದೊರೆತ ಮೀಸಲಾತಿ ರಾಜ್ಯ ಸರ್ಕಾರದ ಹುದ್ದೆಗಳಿಗೆ. ಖಾಸಗಿ ಕಂಪನಿಯ ಬಾಗಿಲಲ್ಲಿ ಅದು ನೆರವಾಗದು.

ಕೊನೆಗೆ ‘ನೀವು ಏನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಸುಮ್ಮನಿರಬಾರದು. ನೇಮಕ ಕಂಪನಿಯದೋ ಗುತ್ತಿಗೆದಾರನದೋ, ನೇಮಕಾತಿ ಪತ್ರ ಕೊಡುವರೋ, ಭವಿಷ್ಯನಿಧಿ ಉಂಟೋ ಎಂದು ವಿನಯದಿಂದ ಕೇಳಬೇಕು. ಕೆಲಸ ಕೊಡಿಸುತ್ತೇನೆಂದು ಮುಂಗಡ ಹಣ ಕೇಳುವವರನ್ನು ಮಾತ್ರ ದೂರವಿಡಬೇಕು.

ಆ ಯುವಕನಿಗೆ ಆ ಕೆಲಸ ಸಿಗಲಿಲ್ಲ. ಮೂರನೆಯ ಸಂದರ್ಶನದಲ್ಲಿ ಸಿಕ್ಕಿತು. ಆದರೆ ಮೊದಲನೆಯದರಿಂದ ಹಿಂದಿರುಗಿದ ದಿನವೇ, ತಾನು ಮನೆಗಾಗಿ ಏನು ಮಾಡಿದನೆಂಬುದನ್ನು ಅಪರಿಚಿತರು ಕೇಳಿಸಿಕೊಂಡರೆಂದು ಅವನ ಮುಖ ಅರಳಿತ್ತು.

ತಂದೆತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟೇ. ಸಂದರ್ಶನದ ತಯಾರಿ ಕರೆ ಬಂದ ಮೇಲೆ ಶುರುವಾಗುವುದಲ್ಲ. ರಾತ್ರಿ ಊಟಕ್ಕೆ ಕುಳಿತಾಗ ‘ಇವತ್ತು ಏನು ಮಾಡಿದೆ?’ ಎಂದು ಮಕ್ಕಳನ್ನು ಕೇಳಿ, ಉತ್ತರ ಮುಗಿಯುವವರೆಗೆ ತಾಳ್ಮೆಯಿಂದ ಕೇಳಿಸಿಕೊಳ್ಳಿ.