ಮುದ್ರೆ ಬಿದ್ದ ಮಾಂಸ

ಅಮೆರಿಕಕ್ಕೆ ಹೋದ ಮೇಲೆ ಒಂದು ರಕ್ತದಾನ ಶಿಬಿರದಲ್ಲಿ ನನ್ನನ್ನು ವಾಪಸು ಕಳಿಸಿದರು. ನನಗೇನೂ ಕಾಯಿಲೆ ಇರಲಿಲ್ಲ. 1980ರಿಂದ 1996ರೊಳಗೆ ಬ್ರಿಟನ್ನಿನಲ್ಲಿ ಒಟ್ಟು ಮೂರು ತಿಂಗಳು ಇದ್ದಿರಾ ಅಂತ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. ನಾನು ಅಲ್ಲಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದವನು. ಹಾಗೆ ಇದ್ದು ಬಂದ ಎಷ್ಟೋ ಕನ್ನಡದ ಡಾಕ್ಟರುಗಳ ರಕ್ತವೂ ಅಲ್ಲಿ ಬೇಡವಾಗಿತ್ತು. ಆ ನಿಯಮ ತೆಗೆದದ್ದು 2022ರಲ್ಲಿ. ಯಾಕೆ ಅಂತ ಕೇಳಿದಿರಲ್ಲ, ಹೇಳ್ತೀನಿ. ಆ ಕೊಳ್ಳಿ ಸ್ವಲ್ಪ ಒಳಗೆ ತಳ್ಳೋ, ಹೊಗೆ ಸುತ್ತುತ್ತಾ ಇದೆ.

1984ರ ಕೊನೆಯಲ್ಲಿ ಸಸೆಕ್ಸ್ ಸೀಮೆಯ ಒಂದು ಫಾರಮ್ಮಿನಲ್ಲಿ ಹಸುವೊಂದು ಬೆನ್ನು ಬಾಗಿಸಿ ನಿಲ್ಲತೊಡಗಿತು. ಮೈ ಇಳಿಯಿತು, ತಲೆ ಅದುರಿತು, ಕೆಲವು ವಾರಕ್ಕೆ ಸತ್ತೂ ಹೋಯಿತು. ಇಂಥ ಹಸುಗಳ ಮಿದುಳು ತೂತು ತೂತಾಗಿರುವುದನ್ನು ಸರ್ಕಾರದ ವೇಬ್ರಿಜ್ ಪ್ರಯೋಗಾಲಯದವರು ಗುರುತಿಸಿದ್ದು 1986ರ ನವೆಂಬರಿನಲ್ಲಿ. ಪತ್ರಿಕೆಗಳು ಅದನ್ನು ಹುಚ್ಚು ಹಸು ರೋಗ ಅಂದವು. ಮೂಲ ಹುಡುಕುತ್ತಾ ಹೋದರೆ ಸಿಕ್ಕಿದ್ದು ಪಶು ಆಹಾರ. ಕಸಾಯಿಖಾನೆಯಲ್ಲಿ ಉಳಿದ ಮೂಳೆ, ಮಾಂಸದ ಚೂರು ಎಲ್ಲವನ್ನೂ ಬೇಯಿಸಿ, ಕೊಬ್ಬು ತೆಗೆದು, ಪುಡಿ ಮಾಡಿ, ಅದನ್ನೇ ಹಾಲು ಕರೆಯುವ ಹಸುವಿಗೆ ಹಾಕುತ್ತಿದ್ದರು. ರಜೆಗೆ ಊರಿಗೆ ಬಂದಾಗ ಅಮ್ಮನಿಗೆ ಇದನ್ನು ಹೇಳಿದೆ. ಬೂಸಾ ಕಲಸುತ್ತಿದ್ದವಳು ಕೈ ನಿಲ್ಲಿಸಿ, ಸುಳ್ಳು ಹೇಳ್ಬೇಡ, ಅಂದಳು.

1988ರ ಜುಲೈನಲ್ಲಿ ಆ ಪುಡಿಯನ್ನು ದನಕ್ಕೆ ಹಾಕಬಾರದು ಅಂತ ಕಾನೂನಾಯಿತು. ಅಂಗಡಿ, ಗಿರಣಿಯಲ್ಲಿದ್ದ ದಾಸ್ತಾನು ಮುಗಿಸಿಕೊಳ್ಳಲಿ ಅಂತ ಐದು ವಾರದ ವಾಯಿದೆ ಬೇರೆ. ಹಂದಿಗೆ, ಕೋಳಿಗೆ ಮಾತ್ರ ಹಾಕಬಹುದಿತ್ತು. ಅದೇ ಗಿರಣಿ, ಅದೇ ಯಂತ್ರ. ಹಂದಿಯ ಪಾಲಿನ ಪುಡಿ ದನದ ಚೀಲಕ್ಕೂ ಅಷ್ಟಿಷ್ಟು ಬೆರೆಯುತ್ತಿತ್ತು. ಆಮೇಲೆ ಗೊತ್ತಾಯಿತು, ರೋಗದ ಮಿದುಳು ಒಂದು ಗ್ರಾಂ ಹೊಟ್ಟೆಗೆ ಹೋದರೂ ಸಾಕು, ಒಂದು ದನಕ್ಕೆ ರೋಗ ಹಿಡಿಯುತ್ತದೆ. ನಿಷೇಧ ಬಂದ ಮೇಲೆ ಹುಟ್ಟಿದ ಕರುಗಳಲ್ಲೇ 40,000ಕ್ಕೂ ಹೆಚ್ಚು ಬೆಳೆದು ರೋಗಕ್ಕೆ ಬಿದ್ದವು.

ಇಷ್ಟಕ್ಕೂ ಇದನ್ನು ನೋಡಿಕೊಳ್ಳುತ್ತಿದ್ದವರು ಯಾರು? ಕೃಷಿ, ಮೀನುಗಾರಿಕೆ ಮತ್ತು ಆಹಾರ ಸಚಿವಾಲಯ. ರೈತನ ಮಾಲಿಗೆ ಮಾರುಕಟ್ಟೆ ಉಳಿಸುವುದೂ ಅದರ ಕೆಲಸ, ತಿನ್ನುವವನ ಹೊಟ್ಟೆ ಕಾಯುವುದೂ ಅದರದೇ ಕೆಲಸ. ಎರಡೂ ಒಂದೇ ಮೇಜಿನ ಮೇಲಿನ ಫೈಲುಗಳು. ಮೊದಲು ರೋಗದ ಹಸುವಿಗೆ ಅರ್ಧ ಬೆಲೆ ಪರಿಹಾರ ಅಂದರು. ಅರ್ಧ ಬೆಲೆ ಅಂದರೆ ಯಾವ ರೈತ ತಾನಾಗಿ ಬಂದು ಹೇಳುತ್ತಾನೆ, ಸಂತೆಗೆ ಹೊಡೆಯುವುದಿಲ್ಲವೇ ಅಂತ ಜನ ಆಡಿಕೊಂಡರು. ಪೂರ್ತಿ ಬೆಲೆ ಕೊಡಲು ಒಪ್ಪಿದ್ದು 1990ರ ಫೆಬ್ರವರಿಯಲ್ಲಿ.

ಮನುಷ್ಯರಿಗೆ ಅಪಾಯವಿದೆಯೇ ಅಂತ ನೋಡಲು ಆಕ್ಸ್‌ಫರ್ಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಸೌತ್‌ವುಡ್ ಅವರ ಸಮಿತಿ ಮಾಡಿದ್ದರು. 1989ರ ಅದರ ವರದಿಯಲ್ಲಿ ಎರಡು ಮಾತಿದ್ದವು. ಮನುಷ್ಯರಿಗೆ ತಗಲುವ ಸಂಭವ ತೀರಾ ಕಡಿಮೆ ಅನ್ನುವುದು ಒಂದು. ನಮ್ಮ ಅಂದಾಜು ತಪ್ಪಾದರೆ ಪರಿಣಾಮ ಬಹಳ ಘೋರ ಅನ್ನುವುದು ಇನ್ನೊಂದು. ಮಂತ್ರಿಗಳಿಗೆ ಬಾಯಿಪಾಠವಾದದ್ದು ಮೊದಲನೆಯದು ಮಾತ್ರ.

ಆದರೂ ಅದೇ ವರ್ಷ ನವೆಂಬರಿನಲ್ಲಿ ಒಂದು ಒಳ್ಳೆಯ ಕಾನೂನು ಬಂತು. ದನದ ಮಿದುಳು, ಬೆನ್ನುಹುರಿ, ಗುಲ್ಮ, ಕರುಳು ಮನುಷ್ಯರ ಆಹಾರಕ್ಕೆ ಸೇರಕೂಡದು. 1990ರ ಮೇ ತಿಂಗಳಲ್ಲಿ ಬ್ರಿಸ್ಟಲ್ಲಿನ ಒಂದು ಸಯಾಮೀ ಬೆಕ್ಕಿಗೆ ಅದೇ ಥರದ ರೋಗ ಬಂತು ಅಂತ ಸುದ್ದಿ. ದನದಿಂದ ಬೆಕ್ಕಿಗೆ ಹಾರಿದ್ದು ನಮಗೇಕೆ ಹಾರಬಾರದು? ಜನ ಹೆದರಿದರು. ಆಗ ಕೃಷಿ ಮಂತ್ರಿ ಜಾನ್ ಗಮ್ಮರ್ ಸಫೊಕ್ ಸೀಮೆಯ ದೋಣಿ ಪ್ರದರ್ಶನವೊಂದರಲ್ಲಿ, ಕ್ಯಾಮೆರಾಗಳ ಎದುರಿಗೇ, ನಾಲ್ಕು ವರ್ಷದ ಮಗಳ ಬಾಯಿಗೆ ಬೀಫ್ ಬರ್ಗರ್ ಹಿಡಿದರು. ಆಸ್ಪತ್ರೆಯ ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆ. ನನ್ನ ತಟ್ಟೆಯಲ್ಲೂ ಅದೇ ಇತ್ತು. ಏನು ನೋಡ್ತೀರಿ ಹಾಗೆ? ರಾತ್ರಿ ಪಾಳಿಯಲ್ಲಿ ಅಲ್ಲಿ ಬೇರೇನು ಸಿಗುತ್ತಿತ್ತು!

ಈಗ ನಾನು ಹೇಳಬೇಕಾದದ್ದು ಆ ಬರ್ಗರಿನ ಕಥೆಯಲ್ಲ, ನಮ್ಮ ಪಕ್ಕದ ಮನೆಯವರ ಕಥೆ. ಅವರು ಮಾಂಸದ ಇನ್ಸ್‌ಪೆಕ್ಟರು. ಬೆಳಗಿನ ಜಾವ ಬಿಳಿ ಕೋಟು, ರಬ್ಬರ್ ಬೂಟು ಹಾಕಿ ಹೊರಟರೆ ಮಧ್ಯಾಹ್ನ ಬರುತ್ತಿದ್ದರು. ಬೇಲಿಯ ಆಚೆ ನಿಂತು ಎಲ್ಲ ವಿವರಿಸುತ್ತಿದ್ದರು. ದನವನ್ನು ತಲೆಕೆಳಗಾಗಿ ಕೊಂಡಿಗೆ ಹಾಕಿ, ಗರಗಸದಿಂದ ಬೆನ್ನಿನ ನಡುವೆ ಎರಡು ಹೋಳು ಮಾಡುತ್ತಾರೆ. ಬೆನ್ನುಹುರಿ ಬಿಳಿ ಹಗ್ಗದಂತೆ ಕಾಣುತ್ತದೆ. ಅದನ್ನು ಒಬ್ಬ ಚಾಕುವಿನಿಂದ ಕೈಯಲ್ಲೇ ಬಿಡಿಸಿ ತೆಗೆಯಬೇಕು. ಗರಗಸ ಒಂದಿಷ್ಟು ವಾರೆಯಾದರೆ ಹುರಿಯ ತುಂಡು ಮೂಳೆಯ ಸಂದಿಯಲ್ಲಿ ಉಳಿಯುತ್ತದೆ. ಹೋಳುಗಳು ನಿಲ್ಲದೆ ಸಾಲಿನಲ್ಲಿ ಬರುತ್ತಲೇ ಇರುತ್ತವೆ. ಇನ್ಸ್‌ಪೆಕ್ಟರು ನೋಡಬೇಕು, ಸರಿ ಅನಿಸಿದರೆ ಮುದ್ರೆ ಒತ್ತಬೇಕು. ಸರಿ ಇಲ್ಲ ಅಂತ ಸಾಲು ನಿಲ್ಲಿಸಿದರೆ ಕೂಲಿಯವನಿಂದ ಹಿಡಿದು ಮಾಲೀಕನವರೆಗೆ ಎಲ್ಲರ ಕಣ್ಣೂ ಕೆಂಪು.

ಅವರು ಒಮ್ಮೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ಡಾಕ್ಟ್ರೇ, ಟಿವಿಯಲ್ಲಿ ಮಂತ್ರಿ ಏನೂ ಅಪಾಯವಿಲ್ಲ ಅಂತಾರೆ. ನಾನು ಅದೇ ಟಿವಿ ನೋಡಿ ಬಂದ ಹುಡುಗನಿಗೆ ಬೆಳಗ್ಗೆ ಹೋಗಿ, ಈ ಹುರಿಯ ಚೂರು ಉಳಿದರೆ ಪ್ರಾಣಾಪಾಯ, ಮತ್ತೆ ಕೆರೆದು ತೆಗಿ ಅಂದರೆ ಅವನು ನಗುತ್ತಾನೆ.

ಇಷ್ಟೇ ನೋಡಿ. ಹೊರಗಿನವರ ಹೆದರಿಕೆ ತಗ್ಗಿಸಲು ಆಡಿದ ಸಮಾಧಾನದ ಮಾತು ಕಸಾಯಿಖಾನೆಯ ಒಳಗೂ ಕೇಳಿಸಿತು. ಅಲ್ಲಿ ಹೆದರಿಕೆ ಇರಲೇಬೇಕಿತ್ತು. ಕಾನೂನು ಸರಿಯಾಗಿಯೇ ಇತ್ತು, ಆದರೆ ಅದನ್ನು ಮಾಡಿದವರೇ ಇದು ಸುಮ್ಮನೆ ಒಂದು ಹೆಚ್ಚುವರಿ ಎಚ್ಚರಿಕೆ ಅಂತ ಸಾರಿಕೊಂಡು ಬಂದಿದ್ದರು.

ತಪಾಸಣೆ ಆಗ ಊರೂರಿನ ಸ್ಥಳೀಯ ಆಡಳಿತಗಳ ಕೈಯಲ್ಲಿತ್ತು, ಸುಮಾರು 300 ಕಡೆ. ಒಂದೊಂದು ಊರಿನಲ್ಲಿ ಒಂದೊಂದು ಬಿಗಿ. 1995ರ ಏಪ್ರಿಲ್‌ನಲ್ಲಿ ಎಲ್ಲವನ್ನೂ ಒಂದೇ ರಾಷ್ಟ್ರೀಯ ಸೇವೆಗೆ ಒಪ್ಪಿಸಿದರು. ಆ ವರ್ಷ ಸರ್ಕಾರದ ಪಶುವೈದ್ಯರು ಹೇಳದೆ ಕೇಳದೆ ಹೋಗಿ ನೋಡಿದಾಗ, ಮುದ್ರೆ ಬಿದ್ದ ಹೋಳುಗಳಲ್ಲೂ ಬೆನ್ನುಹುರಿಯ ತುಂಡುಗಳು ಸಿಕ್ಕವು. ಬೆನ್ನುಮೂಳೆಗೆ ಅಂಟಿದ ಮಾಂಸವನ್ನು ಯಂತ್ರದ ಒತ್ತಡದಿಂದ ಕೆರೆದು ತೆಗೆಯುವುದನ್ನು ಡಿಸೆಂಬರಿನಲ್ಲಿ ನಿಲ್ಲಿಸಿದರು. ಅಲ್ಲಿಯವರೆಗೆ ಆ ಮುದ್ದೆ ಅಗ್ಗದ ಬರ್ಗರಿಗೆ, ಸಾಸೇಜಿಗೆ ಹೋಗುತ್ತಿತ್ತು.

1996ರ ಮಾರ್ಚ್ 20. ಆರೋಗ್ಯ ಮಂತ್ರಿ ಸ್ಟೀಫನ್ ಡೊರೆಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತರು. ಹತ್ತು ಜನಕ್ಕೆ, ಅದೂ ಚಿಕ್ಕ ವಯಸ್ಸಿನವರಿಗೆ, ಮಿದುಳಿನ ಹೊಸ ರೋಗ ಬಂದಿದೆ, ದನದ ರೋಗವೇ ಕಾರಣವಿರಬಹುದು ಅಂದರು. ವಾರ್ಡಿನಲ್ಲಿ ಕೆಲಸ ನಿಂತಂತಾಯಿತು. ಒಬ್ಬ ತಾಯಿ ನನ್ನ ತೋಳು ಹಿಡಿದು, ಮಕ್ಕಳಿಗೆ ಇಷ್ಟು ವರ್ಷ ಸ್ಕೂಲಿನ ಊಟ ಹಾಕಿಸಿದ್ದೇನಲ್ಲ, ಈಗೇನು ಮಾಡಲಿ, ಅಂದಳು. ನನ್ನ ಬಳಿ ಉತ್ತರವಿರಲಿಲ್ಲ, ಯಾರ ಬಳಿಯೂ ಇರಲಿಲ್ಲ. ವಾರದೊಳಗೆ ಯುರೋಪು ಬ್ರಿಟನ್ನಿನ ಬೀಫ್ ಬೇಡವೆಂದಿತು. ಮೂವತ್ತು ತಿಂಗಳು ದಾಟಿದ ದನ ಯಾವುದೂ ಊಟದ ಮೇಜಿಗೆ ಬರಕೂಡದು ಎಂದಾಯಿತು. ಕೊಂದು ಸುಟ್ಟದ್ದು, ನಾಶ ಮಾಡಿದ್ದು 40 ಲಕ್ಷಕ್ಕೂ ಹೆಚ್ಚು ದನ. ಬ್ರಿಟನ್ನಿನಲ್ಲಿ ಆ ರೋಗದಿಂದ ಸತ್ತವರು 178 ಜನ. ಲಕ್ಷಗಟ್ಟಲೆ ಆಗಬಹುದು ಅಂತ ಹೆದರಿದ್ದರು, ಆಗಲಿಲ್ಲ. ಆದರೆ ಆ ತಾಯಿಯಂಥವರು ಎಷ್ಟು ವರ್ಷ ಎಣಿಸುತ್ತಾ ಕೂತಿರಬೇಕು!

ತಪ್ಪು ಮಾಡಿದವರು ಜೈಲಿಗೆ ಹೋದರಾ ಅಂತ ಕೇಳಿದೆಯಲ್ಲ ಪುಟ್ಟಿ. ಇಲ್ಲ. ಲಾರ್ಡ್ ಫಿಲಿಪ್ಸ್ ವಿಚಾರಣೆಯ ವರದಿ 2000ದ ಅಕ್ಟೋಬರಿನಲ್ಲಿ ಬಂತು, ಹದಿನಾರು ಸಂಪುಟ. ಸರ್ಕಾರ ಸುಳ್ಳು ಹೇಳಲಿಲ್ಲ, ತಾನು ಹೇಳಿದ್ದನ್ನು ತಾನೂ ನಂಬಿತ್ತು, ಜನ ಗಾಬರಿಯಾದಾರು ಅನ್ನುವ ಚಿಂತೆಯಲ್ಲೇ ಮುಳುಗಿತ್ತು ಅನ್ನುವುದು ಅದರ ತಾತ್ಪರ್ಯ. ಸುಳ್ಳು ಹೇಳಿದ್ದರೆ ವಾಸಿಯಿತ್ತೇನೋ, ಹಿಡಿಯಬಹುದಿತ್ತು. ಅದೇ ವರ್ಷ ಆಹಾರದ ಸುರಕ್ಷತೆಗೆ ಬೇರೆಯದೇ ಸಂಸ್ಥೆ ಕಟ್ಟಿದರು, ಮರುವರ್ಷ ಆ ಸಚಿವಾಲಯವನ್ನೇ ಮುಚ್ಚಿದರು.

ನಾನು ಆಗಲೇ ಅಮೆರಿಕದಲ್ಲಿದ್ದೆ. ವರದಿ ಬಂದ ವಾರ ಪಕ್ಕದ ಮನೆಯವರಿಗೆ ಫೋನು ಮಾಡಿದೆ. ಅವರು ನಿವೃತ್ತರಾಗಿದ್ದರು. ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಓದಿಕೊಂಡಿದ್ದರು. ಫಿಲಿಪ್ಸ್ ಒಳ್ಳೆಯ ಮನುಷ್ಯ ಅಂದರು. ಆಮೇಲೆ ಕೇಳಿದರು: ಡಾಕ್ಟ್ರೇ, ಹದಿನಾರು ಸಂಪುಟ ಬರೆದಿದ್ದಾರಲ್ಲ, ಹುರಿ ಕಂಡಾಗ ಸಾಲು ನಿಲ್ಲಿಸಿದರೆ ಆ ಹೊತ್ತಿನ ನಷ್ಟ ಯಾರ ತಲೆಗೆ ಅಂತ ಎಲ್ಲಾದರೂ ಬರೆದಿದ್ದಾರಾ?