ಅಮ್ಮ ಎರೆದ ನೀರು

ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ಆದರೂ ಅದೇ ಸ್ವಭಾವದ ಎಚೆವೇರಿಯಾವನ್ನು ಕುಂಡದಲ್ಲಿ ತಂದಿಟ್ಟರೆ ಅದಕ್ಕೆ ದಿನವೂ ನೀರು! ದಪ್ಪ ಎಲೆಗಳು ಸುತ್ತುಸುತ್ತಾಗಿ ಜೋಡಿಸಿಕೊಂಡು ಕಲ್ಲಿನಲ್ಲಿ ಕಡೆದ ಕಮಲದಂತೆ ಕಾಣುವ ಈ ಗಿಡದ ತವರು ಮೆಕ್ಸಿಕೋ. ಗಿಡಗಳ ಚಿತ್ರ ಬರೆಯುತ್ತಿದ್ದ ಅತಾನಾಸಿಯೋ ಎಚೆವೆರಿಯಾ ಅವರ ನೆನಪಿಗೆ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ 1828ರಲ್ಲಿ ಇಟ್ಟ ಹೆಸರಿದು. ರಾಜರ ಹೆಸರಿಗಿಂತ ಇದೇ ವಾಸಿ.

ಒಂದು ಮನೆಯಲ್ಲಿ ಮಗಳು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೊರಟಾಗ ಇಂಥದೊಂದು ಕುಂಡವನ್ನು ಅಮ್ಮನಿಗೆ ಒಪ್ಪಿಸಿದಳು. ಆ ಹೆಸರು ಅಮ್ಮನ ನಾಲಿಗೆಗೆ ಹತ್ತಲಿಲ್ಲ. ‘ಅವಳ ಗಿಡ’ ಎಂದೇ ಕರೆದರು. ತುಳಸಿಗೆ ಎರೆದು ಚೊಂಬಿನಲ್ಲಿ ಉಳಿದದ್ದೆಲ್ಲ ಅದಕ್ಕೆ. ಮಗಳು ಊಟ ಮಾಡಿದಳೋ ಇಲ್ಲವೋ ಎಂಬ ಚಿಂತೆ ಹತ್ತಿದ ದಿನ ಇನ್ನೊಂದಿಷ್ಟು.

ಕೆಲವು ವಾರಗಳಲ್ಲಿ ಕೆಳಗಿನ ಎಲೆಗಳು ಹಳದಿಗೆ ತಿರುಗಿ, ಮುಟ್ಟಿದರೆ ಕೈಗೇ ಬಂದವು. ನೀರು ಸಾಲದೇನೋ ಎಂದು ಅಮ್ಮ ಎರಡು ಹೊತ್ತು ಹಾಕಿದರು. ಬಾಯಾರಿದ ಗಿಡದ ಎಲೆ ತೆಳುವಾಗಿ ಸುಕ್ಕುಗಟ್ಟುತ್ತದೆ. ನೀರು ಹೆಚ್ಚಾದರೆ ಗಾಜಿನಂತಾಗಿ ಮೆತ್ತಗಾಗುತ್ತದೆ. ಈ ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎಲೆಯ ಮೇಲಿನ ಬೂದಿಯಂಥ ಮೇಣದ ಪುಡಿ ಬಿಸಿಲಿನಿಂದ ಗಿಡವನ್ನು ಕಾಯುವಂಥದ್ದು. ಅದನ್ನೂ ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದರು.

ದಸರಾ ರಜೆಗೆ ಬಂದ ಮಗಳು ನೋಡುವಾಗ ಬುಡ ಕಪ್ಪಾಗಿತ್ತು. ಅವಳು ಬೈಯಲಿಲ್ಲ. ಬಂಡೆಗಳ ಸಂದಿಯಲ್ಲಿ ಬೆಳೆಯುವ ಈ ಗಿಡ ಮಳೆನೀರನ್ನು ಎಲೆಯಲ್ಲೇ ಕೂಡಿಡುತ್ತದೆ, ಅದು ಆವಿಯಾಗದಂತೆ ಹಗಲೆಲ್ಲ ಪತ್ರರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ ಎಂದು ವಿವರಿಸಿದಳು. ಮೇಲಿನ ಮೂರು ಗಟ್ಟಿ ಎಲೆಗಳನ್ನು ಮುರಿಯದಂತೆ ಬುಡಸಮೇತ ಬಿಡಿಸಿ, ನೆರಳಿನಲ್ಲಿ ಕಾಗದದ ಮೇಲಿಟ್ಟಳು.

“ಗಾಯ ಒಣಗೋವರೆಗೂ ಇದರ ಕಡೆ ನೋಡಲೇಬೇಡಮ್ಮ.”

“ನೋಡದೆ ಹೇಗೆ ಇರೋದೇ?”

ಕೆಂಪು ಮಣ್ಣಿಗೆ ಅಷ್ಟೇ ದಪ್ಪ ಮರಳು ಬೆರೆಸಿ, ತಳದಲ್ಲಿ ತೂತಿದ್ದ ಕುಂಡದಲ್ಲಿ ಆ ಎಲೆಗಳನ್ನು ಮಲಗಿಸಿ, ಬೆಳಗಿನ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಹೋದಳು. ಬೆಳಕು ಸಾಲದಿದ್ದರೆ ಎಚೆವೇರಿಯಾ ಕತ್ತು ಉದ್ದ ಮಾಡುತ್ತದೆ. ಎರಡು ಎಲೆ ಸುಮ್ಮನೆ ಒಣಗಿದವು. ಮೂರನೆಯದರ ಬುಡದಲ್ಲಿ ಗುಲಾಬಿ ಬಣ್ಣದ ಬೇರು, ಆಮೇಲೆ ಸಾಸಿವೆಯಷ್ಟು ಕಮಲ. ಹಳೆಯ ಎಲೆ ಸೊರಗಿತೆಂದು ಅದನ್ನು ಕಿತ್ತುಹಾಕಬಾರದು. ಮರಿ ಬೇರೂರುವವರೆಗೆ ನೀರು, ಆಹಾರ ಎಲ್ಲ ಅದರಿಂದಲೇ.

ಮಣ್ಣು ಪೂರ್ತಿ ಒಣಗಿತೇ ಎಂದು ಅಮ್ಮ ಈಗ ಬೆರಳು ಚುಚ್ಚಿ ನೋಡುತ್ತಾರೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೀರು ಹಾಕಿದ ದಿನಕ್ಕೆ ಸುತ್ತು ಹಾಕುತ್ತಾರೆ. ಡಿಸೆಂಬರ್ ಹಾಳೆಯಲ್ಲಿ ಇರುವುದು ಮೂರೇ ಸುತ್ತು.